ಮೂರು ಹೊಲಿಗೆಯ ಕಪ್ಪೆ

ಅಣ್ಣನ ಬಲಗೈ ಹೆಬ್ಬೆರಳಿನ ತುದಿ ಎರಡಾಗಿ ಸೀಳಿದಂತಿದೆ. ಹುಡುಗನಾಗಿದ್ದಾಗ ಗಾಳದ ಕೊಕ್ಕೆ ಹೊಕ್ಕು, ಅದನ್ನು ಅವನೇ ಇಕ್ಕಳದಿಂದ ಎಳೆದು ತೆಗೆದಾಗ ಆದ ಗುರುತು ಅದು. ಆ ಸೀಳಿನಲ್ಲಿ ದಾರ ಸಿಗಿಸಿಕೊಂಡು ಹೊಲಿಯುತ್ತಾನೆ. ಕಣ್ಣು ಮುಚ್ಚಿ ಅದರಿಂದಲೇ ರೆಗ್ಜಿನ್ ಸವರಿ, ಇದು ಎರಡು ಮಳೆಗಾಲ ಬಾಳುತ್ತದೆ, ಇದು ಬಾಳುವುದಿಲ್ಲ ಎಂದು ಹೇಳುತ್ತಾನೆ. ನಾಲ್ಕು ವರ್ಷದ ಹಿಂದೆ, ಪಂಚಮಿ ಕಳೆದ ಒಂದು ಬುಧವಾರ, ಅದೇ ಬೆರಳು ಒಂದು ರಬ್ಬರ್ ಕಪ್ಪೆಯ ಹೊಟ್ಟೆಯ ಮೇಲೆ ಮೆಲ್ಲಗೆ ಸರಿದು ಒಂದು ಕಡೆ ನಿಂತಿತು. ಆಗ ನಾನು ‘ಅದು ನಂದು’ ಅನ್ನಬೇಕಿತ್ತು. ಎರಡೇ ಶಬ್ದ. ಅನ್ನಲಿಲ್ಲ.

ನಾನು ಏಳನೆಯ ಇಯತ್ತೆಯವರೆಗೆ ಓದಿದವಳು. ಬರೆಯುವುದು ರೂಢಿಯಿಲ್ಲ. ಆದರೂ ಇದನ್ನು ಬೇರೆಯವರಿಂದ ಬರೆಸಬಾರದು ಅನಿಸಿತು.

ಹಳೇ ಹುಬ್ಬಳ್ಳಿಯಲ್ಲಿ ನಮ್ಮದು ಗಾಡಿಗಳ ಸೀಟಿಗೆ ಕವರ್ ಹೊಲಿಯುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಅಮರಗೋಳದ ಮಾರುಕಟ್ಟೆಗೆ ಕಾಳು ಹೇರುವ ಟೆಂಪೋಗಳಿಂದ ಹಿಡಿದು ಕಾಲೇಜು ಹುಡುಗರ ಬೈಕಿನವರೆಗೆ ಎಲ್ಲವೂ ಬರುತ್ತವೆ. ಅಪ್ಪ ತೀರಿಕೊಂಡಾಗ ಅಣ್ಣನಿಗೆ ಹತ್ತೊಂಬತ್ತು, ನನಗೆ ಹದಿಮೂರು. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಎರಡನೆಯ ಮಷಿನ್ನಿಗೆ ಕೂರಲು ಜನ ಇರಲಿಲ್ಲವೆಂದು ಅಣ್ಣ ನನ್ನ ಶಾಲೆ ಬಿಡಿಸಿದ. ಆ ಮಾತು ಬಂದಾಗಲೆಲ್ಲ ಅವನೇ ಹೇಳುತ್ತಿದ್ದ: “ಸಾಲಿ ಬಿಡಿಸಿದಾಂವ ನಾ. ಬೈಯೂದಿದ್ರ ನನಗ ಬೈ, ನಸೀಬಕ್ಕ ಬೈಬ್ಯಾಡ.”

ತಪ್ಪನ್ನು ತನ್ನ ಕಡೆಗೆ ಎಳೆದುಕೊಳ್ಳುವುದು ಅವನ ಸ್ವಭಾವ. ಒಮ್ಮೆ ನಾನು ಗಿರಾಕಿಯ ಹೊಸ ಸ್ಕೂಟರಿನ ಕನ್ನಡಿ ಕೆಡವಿ ಒಡೆದೆ. ಅವನು ಒಳಗೆ ಚಹಾ ಕುಡಿಯುತ್ತಿದ್ದ. ಸಪ್ಪಳ ಕೇಳಿ ಹೊರಗೆ ಬಂದವನೇ, ಗಿರಾಕಿ ಬಾಯಿ ತೆರೆಯುವ ಮೊದಲೇ “ನನ್ನ ಮೊಣಕೈ ಬಡೀತ್ರಿ” ಅಂದ. ಗಿರಾಕಿ ಅವನ ಮೊಣಕೈ ನೋಡಿದ, ಕೈಯಲ್ಲಿದ್ದ ಚಹಾದ ಬಶಿ ನೋಡಿದ. “ಮೊಣಕೈ ಭಾಳ ಉದ್ದ ಐತಲ್ಲೋ ನಿಂದು” ಅಂದು ನಕ್ಕುಬಿಟ್ಟ. ನಾನೂ ನಕ್ಕೆ. ಅಂದಿನಿಂದ ಆ ಉದ್ದದ ಮೊಣಕೈಯನ್ನು ನಂಬಿಕೊಂಡು ಬೆಳೆದೆ.

ಮಂಗಳವಾರ ಅಂಗಡಿ ಮುಚ್ಚುತ್ತಿತ್ತು. ಅಂದು ಅಣ್ಣ ಧಾರವಾಡ ದಾಟಿ ಒಂದು ಹಳ್ಳಿಯ ಕೆರೆಗೆ ಕೊರಮೀನು ಹಿಡಿಯಲು ಹೋಗುತ್ತಿದ್ದ. ಹಾವಿನಂಥ ತಲೆಯ, ಜೊಂಡಿನೊಳಗೆ ಅಡಗಿ ಕೂತು ಕಪ್ಪೆ ಹಿಡಿಯುವ ಮೀನು ಅದು. ಜೀವಂತ ಕಪ್ಪೆಯನ್ನು ಕೊಕ್ಕೆಗೆ ಚುಚ್ಚುವುದು ಅಣ್ಣನಿಂದ ಆಗುತ್ತಿರಲಿಲ್ಲ. ಹೀಗಾಗಿ ಸವೆದ ಹವಾಯಿ ಚಪ್ಪಲಿಯ ರಬ್ಬರ್ ಕೊಯ್ದು ಮೈ ಮಾಡುತ್ತಿದ್ದ, ಉಳಿದ ರೆಗ್ಜಿನ್ ಎಳೆಗಳಿಂದ ಕಾಲು. ಸೈಕಲ್ಲಿನ ಎರಡು ಛರ್ರಾ ಗುಂಡು ಹೊಟ್ಟೆಯೊಳಗೆ ಸೇರಿಸಿದರೆ ನೀರಲ್ಲಿ ಕಟಕಟ ಅನ್ನುತ್ತಿತ್ತು. ಕೊಕ್ಕೆಯ ಎರಡು ಮೊನೆಗಳು ಕಪ್ಪೆಯ ಬೆನ್ನಿಗೆ ಒರಗಿರಬೇಕು. ಹಾಗಿದ್ದರೆ ಜೊಂಡಿಗೆ ಸಿಕ್ಕುವುದಿಲ್ಲ, ಮೀನು ಕಚ್ಚಿದಾಗ ಮಾತ್ರ ರಬ್ಬರ್ ಅಮುಕಿ ಮೊನೆ ಹೊರಗೆ ಬರುತ್ತದೆ. ಕೊನೆಗೆ ಹೊಟ್ಟೆಯನ್ನು ಹಳದಿ ದಾರದಿಂದ ಎರಡು ಹೊಲಿಗೆ ಹಾಕಿ ಮುಚ್ಚುತ್ತಿದ್ದ.

ನಾನೂ ಕಪ್ಪೆ ಮಾಡಲು ಕಲಿತ ಮೇಲೆ ನಮ್ಮಲ್ಲಿ ಜಗಳ ಶುರುವಾಯಿತು. ಮೀನು ತಂದದ್ದು ಯಾರ ಕಪ್ಪೆ ಎಂದು. “ಹಂಗಾದ್ರ ನಿನ್ನುವಕ್ಕ ಮೂರ ಹೊಲಿಗಿ ಹಾಕು, ಬಗೀಹರೀತೈತಿ” ಅಂದ. ಅವನದು ಎರಡು, ನನ್ನದು ಮೂರು. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆ ಹಳದಿ ದಾರ ಅಂದರೆ ಅಣ್ಣ.

ಕೆರೆಗೆ ಹೋದ ಕೂಡಲೆ ಡಬ್ಬಿ ತೆಗೆಯಲು ಬಿಡುತ್ತಿರಲಿಲ್ಲ. “ಮೊದಲ ನೀರ ನೋಡು. ಯಾವ ಕಪ್ಪಿ ಬೇಕಂತ ನೀರ ಹೇಳತೈತಿ” ಅನ್ನುತ್ತಿದ್ದ. ಮಳೆ ಬಂದು ನೀರು ರಾಡಿಯಾಗಿದ್ದರೆ ಕರಿ ಕಪ್ಪೆ. ಕೆಳಗಿನಿಂದ ನೋಡುವ ಮೀನಿಗೆ ಅದರ ನೆರಳು ಕಾಣಬೇಕಲ್ಲ. ತಿಳಿಯಾಗಿದ್ದರೆ ಪಾಚಿಯ ಬಣ್ಣದ್ದು, ಅದೂ ಸಣ್ಣದು. ಜೊಂಡಿಲ್ಲದ ಬಯಲು ನೀರಿಗೆ ಚಮಚ ಬಡಿದು ಮಾಡಿದ ಹೊಳೆಯುವ ತಗಡು. ಜೊಂಡಿದ್ದಲ್ಲಿ ದಾರ ದಪ್ಪನೆಯದೇ ಬೇಕು. “ತೆಳ್ಳಗಿನ ದಾರ ಕಟ್ಟಿ ಮೀನ ಕಳಕೊಂಡ್ರ ನಿನಗ ನಷ್ಟ ಅಲ್ಲ. ಬಾಯಾಗ ಕಬ್ಬಿಣ ಇಟಗೊಂಡು ತಿರಗೂದು ಅದು.” ಕಪ್ಪೆ ಬಿದ್ದ ಮೇಲೆ ಹತ್ತು ಎಣಿಸುವ ತನಕ ಅಲ್ಲಾಡಿಸಬಾರದು. ಮೀನು ಕಚ್ಚಿದರೆ ಎರಡು ಎಣಿಸಿ ಎಳೆಯಬೇಕು.

ಮಳೆಗಾಲದ ಎರಡು ತಿಂಗಳು ಮಾತ್ರ ಅವನು ಕೋಲು ಹಿಡಿಯುತ್ತಿರಲಿಲ್ಲ. ಆಗ ಕೊರಮೀನು ಮರಿ ಮಾಡುತ್ತದೆ. ನೂರಾರು ಕೆಂಪು ಮರಿಗಳು ಗುಂಪಾಗಿ ಮೇಲೆ ಬಂದು ಉಸಿರು ತೆಗೆದುಕೊಳ್ಳುವಾಗ ನೀರು ಅನ್ನದ ಎಸರಿನಂತೆ ಕುದಿಯುತ್ತದೆ. ಕೆಳಗೆ ದೊಡ್ಡ ಮೀನು ಕಾಯುತ್ತಿರುತ್ತದೆ. ಆ ಗುಂಪಿನ ಮೇಲೆ ಏನು ಒಗೆದರೂ ಅದು ಕಚ್ಚಿಯೇ ಕಚ್ಚುತ್ತದೆ. ಕೈ ಪಳಗದವರೂ ಹಿಡಿಯಬಹುದು. ಅಣ್ಣ ಹೇಳುತ್ತಿದ್ದ: “ಹಸದ ಮೀನಿಗೆ ಗಾಳ ಹಾಕೂದು ಆಟ. ಮಕ್ಕಳ ಕಾಯೂ ಮೀನಿಗೆ ಹಾಕೂದು ಮೋಸ. ಅದು ಹಸದು ಬರೂದಿಲ್ಲ.”

ಹಾಗೆಂದು ಅವನು ಸುಮ್ಮನಿರುತ್ತಿರಲಿಲ್ಲ. ಆ ಎರಡು ತಿಂಗಳೂ ಕೆರೆಗೆ ಹೋಗಿ, ಮರಿಗಳಿದ್ದ ಕಡೆ ದಂಡೆಯ ಮೇಲೆ ಒಂದೊಂದು ಕೋಲು ನೆಟ್ಟು, ತುದಿಗೆ ಕೆಂಪು ರೆಗ್ಜಿನ್ ಚೂರು ಕಟ್ಟಿ ಬರುತ್ತಿದ್ದ. ಇಲ್ಲಿ ಯಾರೂ ಒಗೆಯಬೇಡಿ ಎಂಬ ಗುರುತು. ಕೆರೆ ಕಾಯುವ ಅಜ್ಜ ಆ ಕೋಲುಗಳನ್ನು ನೋಡಿಯೇ ಅಣ್ಣನಿಗೆ ಮನಸೋತಿದ್ದ. ಬೇರೆ ಯಾರು ಗಾಳ ತಂದರೂ ಕಲ್ಲು ತೂರುತ್ತಿದ್ದ ಮುದುಕ, ಅಣ್ಣನಿಗೆ ಮಾತ್ರ “ಬಾರೋ ಸೀಟಿನಂವ” ಎಂದು ತನ್ನ ರೊಟ್ಟಿಯಲ್ಲಿ ಪಾಲು ಕೊಡುತ್ತಿದ್ದ.

ನನ್ನನ್ನು ರಾಯಾಪುರಕ್ಕೆ ಕೊಟ್ಟರು. ಮೊದಲನೆಯ ಪಂಚಮಿಗೆ ಅಣ್ಣ ಬಂದು ಕರೆದುಕೊಂಡು ಹೋದ. ಭಾನುವಾರ ನನ್ನ ಗಂಡನೂ ಬಂದರು. ಅವರಿಗೆ ಆಗಷ್ಟೇ ಮೀನಿನ ಹುಚ್ಚು ಹಿಡಿದಿತ್ತು. ಮೊಬೈಲಿನಲ್ಲಿ ನೋಡಿ ತರಿಸಿದ ಒಂದು ಪೆಟ್ಟಿಗೆ ಕೈಯಲ್ಲಿತ್ತು. ಮಣಿಕಣ್ಣಿನ, ಕಾಮನಬಿಲ್ಲಿನ ಬಣ್ಣದ ಪ್ಲಾಸ್ಟಿಕ್ ಮೀನುಗಳು ಸಾಲಾಗಿ ಮಲಗಿದ್ದವು. ಗೋಡೆಗೆ ತೂಗುಹಾಕಿದ್ದ ನಮ್ಮ ಕಪ್ಪೆಗಳನ್ನು ನೋಡಿ ನಕ್ಕರು.

“ಏನ್ರಿ ಭಾವಾರ, ಮೀನಿಗೆ ಚಪ್ಪಲಿ ತೋರಸ್ತೀರೇನು?”

“ಹೂಂರಿ,” ಅಂದ ಅಣ್ಣ, ಮಷಿನ್ನಿನಿಂದ ತಲೆ ಎತ್ತದೆ. “ನಮ್ಮ ಕಡೆ ಮೀನಕ್ಕ ಅಂಜಿಕಿ ಇರಬೇಕ್ರಿ.”

ಅವನಿಗೆ ಹತ್ತದ ಮಾತು ನನಗೆ ಹತ್ತಿತು. ಅಂಗಡಿಯಲ್ಲಿ ಗಿರಾಕಿಗಳಿದ್ದರು. “ಇಲ್ಲೇ ಹೋಗಿ ಬರ್ತೇವಿ” ಎಂದು ಹೇಳಿ, ಹಳೆಯ ಕೋಲು ಮತ್ತು ನನ್ನ ಒಂದು ಕರಿ ಕಪ್ಪೆ ತೆಗೆದುಕೊಂಡು ಗಂಡನ ಬೈಕ್ ಹತ್ತಿದೆ. ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಮೀನು ಒಲೆಗೆ ಏರುವುದಿಲ್ಲ. ತಿನ್ನಲಿಕ್ಕೂ ಅಲ್ಲ, ಒಂದು ಸಲ ಹಿಡಿದು ತೋರಿಸಿ ಬಿಟ್ಟುಬಿಡುವುದು ಎಂದು ಮನಸ್ಸಿನಲ್ಲಿತ್ತು.

ಅಜ್ಜ ಅಂದು ಯಾರದೋ ಮದುವೆಗೆ ಹೋಗಿದ್ದ. ಎರಡು ತಾಸು ಒಗೆದೆವು. ಗಂಡನ ಬಣ್ಣದ ಮೀನುಗಳು ಎರಡು ಜೊಂಡಿನ ಪಾಲಾದವು. ನನ್ನ ಕಪ್ಪೆಯನ್ನು ಯಾವ ಮೀನೂ ಮೂಸಲಿಲ್ಲ.

“ನಿಮ್ಮಣ್ಣನ ಕೆರಿ, ನಿಮ್ಮಣ್ಣನ ಚಪ್ಪಲಿ, ಮೀನ ಎಲ್ಲಿ?” ಅಂದರು ಗಂಡ. “ಅವೂ ಪಂಚಮಿಗೆ ತವರಮನಿಗೆ ಹೋಗ್ಯಾವೇನು?”

ಆಗಲೇ ಆಚೆ ದಂಡೆಯಲ್ಲಿ ಕೆಂಪು ರೆಗ್ಜಿನ್ ಗಾಳಿಗೆ ಅಲ್ಲಾಡುವುದು ಕಂಡಿತು. ಅಣ್ಣ ನೆಟ್ಟ ಕೋಲು. ಅದನ್ನು ನೋಡಿ ದೂರ ಸರಿಯಬೇಕಾದವಳು ಅದರ ಗುರುತು ಹಿಡಿದೇ ನಡೆದೆ. ಕೋಲಿನ ನೇರಕ್ಕೆ ನೀರು ಕುದಿಯುತ್ತಿತ್ತು. ಏನು ಮಾಡುತ್ತಿದ್ದೇನೆಂದು ಗೊತ್ತಿರಲಿಲ್ಲ ಎಂದು ಹೇಳಲಾರೆ. ಚೆನ್ನಾಗಿ ಗೊತ್ತಿತ್ತು. ಮರಿಗಳ ನಡುವೆ ಕಪ್ಪೆ ಒಗೆದೆ. ಹತ್ತು ಎಣಿಸುವುದು ಬೇಕಾಗಲಿಲ್ಲ. ನೀರು ಒಡೆದು ತೋಳಿನಷ್ಟು ದಪ್ಪದ ಮೀನು ಮೇಲೆದ್ದಿತು. ನಾನು ಎರಡು ಎಣಿಸಿ ಎಳೆದೆ. ಅದು ಜೊಂಡಿನೊಳಗೆ ನುಗ್ಗಿ ಸುತ್ತಿಕೊಂಡಿತು. ಹಳೆಯ ದಾರ ಫಟ್ಟನೆ ಹರಿಯಿತು.

“ಏನ್ ಮೀನದು!” ಎಂದು ಗಂಡ ಕುಣಿದಾಡಿದರು. “ನಿಮ್ಮಣ್ಣ ಗೆದ್ದ ಬಿಡು.”

ಆ ಮಾತಿಗೆ ನನಗೆ ಎಷ್ಟು ಹಿಗ್ಗಾಯಿತೆಂದರೆ, ಅಂದು ಮನೆ ಮುಟ್ಟುವವರೆಗೂ ಮೀನಿನ ನೆನಪೇ ಆಗಲಿಲ್ಲ. ಮನೆಯಲ್ಲಿ ಅಣ್ಣ ಶೇಂಗಾದುಂಡೆಯ ತಾಟು ಮುಂದಿಟ್ಟು “ಎಲ್ಲಿಗಿ ಹೋಗಿದ್ರಿ?” ಎಂದು ಕೇಳಿದ.

“ಹಿಂಗ, ಧಾರವಾಡಕ್ಕ” ಅಂದೆ.

ನಾನು ಮನೆಯಲ್ಲಿದ್ದೇನೆಂದು ಆ ಮಂಗಳವಾರ ಅಣ್ಣ ಕೆರೆಗೆ ಹೋಗಲಿಲ್ಲ. ಬುಧವಾರ ಬೆಳಿಗ್ಗೆ ಅಜ್ಜ ಬಸ್ಸು ಹಿಡಿದು ಅಂಗಡಿಗೆ ಬಂದ. ಅವನು ಹುಬ್ಬಳ್ಳಿಗೆ ಬಂದದ್ದನ್ನು ನಾವು ಹಿಂದೆಂದೂ ನೋಡಿರಲಿಲ್ಲ. ನಾನು ಎರಡನೆಯ ಮಷಿನ್ನಿಗೆ ಕೂತಿದ್ದೆ. “ಬರ್ರಿ ಅಜ್ಜಾರ, ಬರ್ರಿ” ಎಂದು ಅಣ್ಣ ಸ್ಟೂಲು ಒರೆಸಿದ. ಅಜ್ಜ ಕೂರಲಿಲ್ಲ. ಪತ್ರಿಕೆಯ ಪೊಟ್ಟಣ ಬಿಚ್ಚಿ ಮಷಿನ್ನಿನ ಮೇಲೆ ಇಟ್ಟ. ನನ್ನ ಕಪ್ಪೆ. ಕೊಕ್ಕೆಯಲ್ಲಿ ಮೀನಿನ ದವಡೆಯ ಚೂರು ಇನ್ನೂ ಇತ್ತು.

“ಜೊಂಡಿನ್ಯಾಗ ಸಿಕ್ಕೊಂಡು ಸತ್ತಿತ್ತು. ಮರಿ ಒಂದೂ ಉಳದಿಲ್ಲ. ನೀರುಕಾಗಿ ಬಂದು ನಿಂತ ತಿಂದ್ವು.”

ಅಣ್ಣ ಕಪ್ಪೆ ಕೈಗೆತ್ತಿಕೊಂಡ.

“ಬ್ಯಾರೇ ಮಂದಿ ಮಾಡಿದ್ರ ನನಗ ಇಷ್ಟ ಸಂಕಟ ಆಗ್ತಿರ್ಲಿಲ್ಲ,” ಅಂದ ಅಜ್ಜ. ದನಿ ಏರಿಸಲಿಲ್ಲ. “ಕೋಲ ನೆಟ್ಟಾಂವ ನೀನ, ಒಗದಾಂವ ನೀನ. ಈಗ ತಿಳೀತು ನೋಡು ಕೋಲ ಯಾತಕ್ಕಂತ. ಗುರ್ತಾ ಇಟಗೊಳ್ಳಾಕತ್ತಿದ್ದಿ. ನಾ ಹುಚ್ಚ, ನಿನ್ನ ಗುರ್ತಾ ಕಾಯ್ಕೋತ ಕುಂತೆ.”

ಅಣ್ಣನ ಹೆಬ್ಬೆರಳು ಕಪ್ಪೆಯ ಹೊಟ್ಟೆಯ ಮೇಲೆ ಸರಿಯಿತು. ಒಂದನೆಯ ಹೊಲಿಗೆ. ಎರಡನೆಯದು. ಮೂರನೆಯದರ ಮೇಲೆ ನಿಂತಿತು. ಅವನು ತಲೆ ಎತ್ತಿ ನನ್ನ ಕಡೆ ನೋಡಿದ. ಸಿಟ್ಟು ಇರಲಿಲ್ಲ. ಕಾಯುತ್ತಿದ್ದ. ನಾನು ಸೂಜಿಗೆ ದಾರ ಪೋಣಿಸುವವಳಂತೆ ತಲೆ ತಗ್ಗಿಸಿದೆ.

“ನಂದ ಐತ್ರಿ ಅಜ್ಜಾರ” ಅಂದ ಅಣ್ಣ. “ತಪ್ಪಾತು.”

ಅವನು ತನ್ನ ಮೇಲೆ ಹಾಕಿಕೊಳ್ಳುತ್ತಾನೆಂದು ನನಗೆ ಗೊತ್ತಿತ್ತು. ಅದನ್ನು ನಂಬಿಕೊಂಡೇ ಸುಮ್ಮನಿದ್ದೆ. ಮೀನಿಗೆ ಮಾಡಿದ ಮೋಸವನ್ನೇ ಮೂರು ದಿನ ಬಿಟ್ಟು ಅಣ್ಣನಿಗೂ ಮಾಡಿದೆ.

ಅಜ್ಜ “ಇನ್ನ ಕೆರಿ ಕಡೆ ಬರಬ್ಯಾಡ” ಎಂದು ಹೇಳಿ, ನೀರು ಸಹ ಕುಡಿಯದೆ ಹೋದ. ಅಣ್ಣ ಆ ಕಪ್ಪೆಯನ್ನು ಎಸೆಯಲಿಲ್ಲ, ಮುಚ್ಚಿಡಲೂ ಇಲ್ಲ. ಉಳಿದ ಕಪ್ಪೆಗಳ ಸಾಲಿನಲ್ಲೇ ಮೊಳೆಗೆ ತೂಗುಹಾಕಿದ. ಅಂದಿನಿಂದ ಹೊಸ ಕಪ್ಪೆ ಮಾಡಲಿಲ್ಲ. ಮಂಗಳವಾರವೂ ಅಂಗಡಿ ತೆರೆಯತೊಡಗಿದ. ಗಿರಾಕಿಗಳು “ಯಾಕೋ, ಮೀನ ಮುಗದ್ವೇನು?” ಎಂದು ಕೇಳಿದರೆ “ಮೊಣಕಾಲ ನೋವ್ರಿ” ಅನ್ನುತ್ತಿದ್ದ.

ನನಗೆ ಆ ಬಗ್ಗೆ ಒಂದು ಮಾತೂ ಅನ್ನಲಿಲ್ಲ. ತವರಿಗೆ ಹೋಗಿ ಹೊರಡುವಾಗ ಮಾತ್ರ ಬಾಗಿಲಿಗೆ ಬಂದು ಕೇಳುತ್ತಿದ್ದ: “ಮತ್ತ? ಹೇಳೂದು ಏನರ ಉಳೀತೇನು?” ಮೊದಲಿನಿಂದಲೂ ಹಾಗೆ ಕೇಳುವುದು ಅವನ ಪದ್ಧತಿ. ಮೊದಲಾದರೆ ನಾನು ಏನಾದರೂ ಮರೆತದ್ದು ನೆನಪಾಗಿ ಮತ್ತೆ ಒಂದು ತಾಸು ನಿಲ್ಲುತ್ತಿದ್ದೆ. ಈಗ “ಏನಿಲ್ಲ” ಎಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಗಂಡನಿಗೆ ನಡೆದದ್ದು ಹೇಳಿದಾಗ “ಹೇಳಿಬಿಡು” ಅಂದರು. ಅವರು ತಮ್ಮ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿ ಮತ್ತೆ ತೆಗೆಯಲಿಲ್ಲ. ನಾನು ಮಾತ್ರ ನಾಳೆ, ಮುಂದಿನ ಹಬ್ಬಕ್ಕೆ ಎಂದು ಮೂರು ಪಂಚಮಿ ಕಳೆದೆ.

ಈ ವರ್ಷದ ಪಂಚಮಿಗೆ ಎರಡು ವಾರ ಮೊದಲು ಅಣ್ಣ ನನ್ನ ಮಗಳನ್ನು ನೋಡಲು ರಾಯಾಪುರಕ್ಕೆ ಬಂದಿದ್ದ. ಉಂಡ, ಮಗುವನ್ನು ಆಡಿಸಿದ, ಸ್ಕೂಟರ್ ಏರಿದ. ನಾನು ಬಾಗಿಲಲ್ಲಿ ನಿಂತು ಅವನ ಪ್ರಶ್ನೆಗೆ ಕಾದೆ. “ಬರ್ತೇನವಾ” ಅಂದ, ಹೋದ. ಕೇಳಲಿಲ್ಲ. ಕೇಳುವುದನ್ನೇ ಬಿಟ್ಟಿದ್ದ. ಅಣ್ಣ ನನ್ನ ಮೇಲಿನ ಆಸೆ ಬಿಟ್ಟನೆಂದು ನನಗೆ ಅಂದು ತಿಳಿಯಿತು.

ಪಂಚಮಿಗೆ ಕರೆಯಲು ಬಂದಾಗ, ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಸ್ಕೂಟರಿನ ಹಿಂದೆ ಕೂತೆ. ದೊಡ್ಡ ರಸ್ತೆ ಬಂದಿತು. ಅವನು ಹುಬ್ಬಳ್ಳಿಯ ಕಡೆ ತಿರುಗಿಸಿದ.

“ಆ ಕಡೆ ಬ್ಯಾಡ. ಧಾರವಾಡ ಕಡೆ ಹೊಳ್ಳಸು” ಅಂದೆ.

“ಯಾಕ?”

“ಕೆರಿಗೆ ಹೋಗೂಣು.”

ಗಾಡಿ ನಿಲ್ಲಿಸಿದ. ಹಿಂದೆ ತಿರುಗದೆಯೇ ಅಂದ: “ಅಲ್ಲೆ ನನಗೇನ ಕೆಲಸ ಐತಿ?”

“ನಿನಗಲ್ಲ. ನನಗ ಐತಿ.”

ಅವನು ಗಾಡಿಯನ್ನು ಧಾರವಾಡದ ಕಡೆ ಹೊರಳಿಸಿದ. ಕೆರೆ ತುಂಬಿತ್ತು, ನೀರು ರಾಡಿಯಾಗಿತ್ತು. ದಂಡೆಯ ಮೇಲೆ ಒಂದೂ ಕೋಲು ಇರಲಿಲ್ಲ. ಅಣ್ಣ ದಂಡೆ ಹತ್ತದೆ ಸ್ಕೂಟರಿನ ಹತ್ತಿರವೇ ನಿಂತ. ನಾನು ಅವನ ಕೈ ಹಿಡಿದು ಎಳೆದುಕೊಂಡು ಹೋದೆ. ಅಜ್ಜ ಜಾಲಿಯ ಗಿಡದ ಕೆಳಗೆ ಕೂತಿದ್ದ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಅಣ್ಣನನ್ನು ಕಂಡ ಕೂಡಲೆ ಮುಖವನ್ನು ನೀರಿನ ಕಡೆ ತಿರುಗಿಸಿದ.

“ಯಾರವಾ ನೀ?” ಎಂದು ನನ್ನನ್ನಷ್ಟೇ ಕೇಳಿದ. ನಾಲ್ಕು ವರ್ಷದಲ್ಲಿ ನನ್ನ ಗುರುತು ಅವನಿಗೆ ಮರೆತಿತ್ತು.

“ಇವನ ತಂಗಿರಿ.”

ಚೀಲದಲ್ಲಿ ಸೂಜಿ, ಹಳದಿ ದಾರ, ಒಂದು ಚೂರು ರಬ್ಬರ್ ತಂದಿದ್ದೆ. ಮೂರು ಹೊಲಿಗೆ ಹಾಕಿ ತೋರಿಸಿ, ಎಲ್ಲವನ್ನೂ ಬಿಡಿಸಿ ಹೇಳಬೇಕೆಂದು ಹಿಂದಿನ ದಿನವೆಲ್ಲ ಯೋಚಿಸಿದ್ದೆ. ಚೀಲಕ್ಕೆ ಕೈ ಹಾಕಲಿಲ್ಲ.

“ಅಜ್ಜಾರ, ಆ ಕಪ್ಪಿ ಒಗದಾಕಿ ನಾ. ನಮ್ಮಣ್ಣ ಅಲ್ಲ. ಅಂವಾ ಅವತ್ತ ಅಂಗಡ್ಯಾಗಿದ್ದ, ಅವಗ ಗೊತ್ತ ಇರಲಿಲ್ಲ. ಅಂವಾ ಕೋಲ ನೆಟ್ಟಿದ್ದು ಕಾಯಾಕ.” ಅಷ್ಟು ಹೇಳಿ ಅಣ್ಣನ ಕಡೆ ತಿರುಗಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಹೆಬ್ಬೆರಳಿನ ಸೀಳನ್ನು ತೋರುಬೆರಳಿನಿಂದ ಉಜ್ಜುತ್ತ ನಿಂತಿದ್ದ.

“ಅಣ್ಣಾ, ನೀ ನೆಟ್ಟ ಕೋಲ ನೋಡೇ ಒಗದೆ. ನೀ ನನ್ನ ಮಾರಿ ನೋಡಿದಾಗ ಗೊತ್ತಿದ್ದೂ ಸುಮ್ಮನ ಕುಂತೆ. ನಂದು ತಪ್ಪಾತು.”