ಮಹಾಂತಮ್ಮನ ‘ಬರ್ತೀನಿ’

ಎರಡನೆಯ ತಾಟಿನ ಮುಂದೆ ಕೂರಲು ಹೋದ ಭಾಗ್ಯಜ್ಯೋತಿಯ ಕೈಯನ್ನು ವೀರಬಸಮ್ಮ ತಡವಿ ಹಿಡಿದಳು.

“ಅಲ್ಲಿ ಕೂಡಬ್ಯಾಡವ್ವ. ಅದು ಅಕ್ಕಂದು.”

ಅಕ್ಕ ಮಹಾಂತಮ್ಮ ತೀರಿಕೊಂಡದ್ದು ಹೋದ ಬೇಸಿಗೆಯಲ್ಲಿ. ತಾಟಿನಲ್ಲಿ ಬಿಸಿ ರೊಟ್ಟಿ ಇತ್ತು.

ಭಾಗ್ಯಜ್ಯೋತಿ ಕನ್ನಡ ಗಡಿಗಂಟಿದ ಮಕ್ತಲ್‌ನವಳು. ತೆಲಂಗಾಣ ಬೇರೆ ರಾಜ್ಯವಾದ ವರ್ಷ ಡಿಗ್ರಿ ಮುಗಿಸಿ ಹೈದರಾಬಾದಿನ ಕಂಪನಿಯೊಂದನ್ನು ಸೇರಿದಳು. ಕಣ್ಣಿಲ್ಲದವರಿಗಾಗಿ ಕಂಪನಿ ಮಾಡಿದ ಮಾತಾಡುವ ಆ್ಯಪನ್ನು ಅವರು ಹೇಗೆ ಬಳಸುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂದು ಪಕ್ಕದಲ್ಲೇ ಕೂತು ನೋಡುವುದು ಅವಳ ಉದ್ಯೋಗ. ಪೇಟೆಯ ಕನ್ನಡ ಗದ್ವಾಲ, ನಾರಾಯಣಪೇಟೆಯವರ ಕಿವಿಗೆ ಹತ್ತದೆಂದು ಮಲ್ದಕಲ್ಲಿನ ಮಹಾಂತಮ್ಮನ ದನಿಯನ್ನು ಆರಿಸಿದವಳೂ ಅವಳೇ. ಸತ್ತವಳ ದನಿ ಬೇಡ, ಹೊಸದು ಹಾಕೋಣ ಎಂದು ಕಂಪನಿ ಈಗ ನಿರ್ಧರಿಸಿತ್ತು. ಅದನ್ನು ಮಹಾಂತಮ್ಮನ ತಂಗಿ ವೀರಬಸಮ್ಮನಿಗೆ ತಿಳಿಸಲು ಮಲ್ದಕಲ್ಲಿಗೆ ಬಂದಿದ್ದಳು; ಬಂದೊಡನೆ ಹೇಳಿಯೂ ಆಗಿತ್ತು.

ಅಂದು ದನಿ ಹಿಡಿದಿಡುವಾಗ, ಆ್ಯಪ್ ಮುಚ್ಚಿತೆಂದು ಗೊತ್ತಾಗಲು ಒಂದು ಮಾತು ಬೇಕಿತ್ತು. ಆಫೀಸಿನವರು ಬರೆದುಕೊಟ್ಟದ್ದು ‘ಹೋಗುತ್ತೇನೆ’. ಮೈಕಿನ ಮುಂದೆ ಮಹಾಂತಮ್ಮ ನಕ್ಕುಬಿಟ್ಟಿದ್ದಳು.

“ಹೋಗ್ತೀನಿ ಅಂತ ಯಾರರ ಅಂತಾರೇನ? ಹೊಳ್ಳಿ ಬರೂದಿಲ್ಲೇನ ನಾ? ಬರ್ತೀನಿ ಅಂತೀನಿ, ಹಿಡಕೊ.”

ಚಲೋ ತಿದ್ದುಪಡಿ ಎಂದು ಆಫೀಸು ಭಾಗ್ಯಜ್ಯೋತಿಯನ್ನು ಹೊಗಳಿತ್ತು.

ವೀರಬಸಮ್ಮ ಫೋನನ್ನು ಮಡಿಲಿಗಿಟ್ಟು ಆ್ಯಪ್ ಮುಚ್ಚಿದಳು.

“ಬರ್ತೀನಿ,” ಎಂದಿತು ಮಹಾಂತಮ್ಮನ ದನಿ. ಹಿಂದೆಯೇ ಒಂದು ಸಣ್ಣ ಕೆಮ್ಮು.

“ಕೇಳಿದೆಲ್ಲ? ಅದಕ್ಕ ನಾ ಬಾಗಲಾ ಹಾಕಂಗಿಲ್ಲ.”

“ಯವ್ವಾ, ಅದು ಅವತ್ತ ಹಿಡದಿಟ್ಟ ದನಿರಿ.”

“ಗೊತ್ತೈತಿ. ಕಣ್ಣಿಲ್ಲ ನನಗ, ಬುದ್ಧಿ ಐತಿ. ಆದ್ರ ಅಕ್ಕ ಬರ್ತೀನಿ ಅಂದು ಬರದಾಕಿ ಅಲ್ಲ. ಅದನ್ನೊಂದು ತಗೀಬ್ಯಾಡವ್ವ.”

ಭಾಗ್ಯಜ್ಯೋತಿ ಕೆಮ್ಮಿನ ಬಗ್ಗೆ ಯೋಚಿಸುತ್ತಿದ್ದಳು. ಹಿಡಿದಿಟ್ಟ ದನಿಯಿಂದ ಅದನ್ನು ತಾನೇ ಹೇಳಿ ಕತ್ತರಿಸಿ ತೆಗೆಸಿದ್ದು ಚೆನ್ನಾಗಿ ನೆನಪಿತ್ತು. ತನ್ನ ಫೋನು ತೆಗೆದು ಅದೇ ಆ್ಯಪ್ ಮುಚ್ಚಿ ನೋಡಿದಳು. ‘ಬರ್ತೀನಿ’ ಎಂದಿತು, ಅಷ್ಟೇ. ಕೆಮ್ಮಿರಲಿಲ್ಲ.

ವೀರಬಸಮ್ಮ ಅವಳ ಕಡೆಗೆ ಮುಖ ತಿರುಗಿಸಿದಳು. “ನಿನ್ನ ಕಡಿ ಬರಂಗಿಲ್ಲ ಬಿಡು,” ಎಂದು ನಕ್ಕಳು. “ಆಕಿಗಿ ನಿನ್ನ ಮನಿ ಗೊತ್ತಿಲ್ಲ.”

ಏಳುವಾಗ ಭಾಗ್ಯಜ್ಯೋತಿಯ ನಾಲಿಗೆಯ ತುದಿಗೆ ರೂಢಿಯ ಆ ಮಾತೇ ಬಂತು. ಅದನ್ನು ಆಡದೆ, ಮುದುಕಿಯ ಕೈ ಮುಟ್ಟಿ ಹೊರಬಿದ್ದಳು. ಬಾಗಿಲು ತೆರೆದೇ ಇತ್ತು.

ಗದ್ವಾಲದ ಬಸ್ಸಿನಲ್ಲಿ ಕೂತು ಆಫೀಸಿಗೆ ಬರೆದಳು. ಸೋಮವಾರ ಎಲ್ಲ ಫೋನುಗಳಿಗೂ ಹೊಸ ದನಿ ಬರುತ್ತದೆ, ಮಲ್ದಕಲ್ಲಿನ ಒಂದನ್ನು ಬಿಟ್ಟು.