ಬೇಲಿಯಾಚೆಯಿಂದ ಬಂದ ಹಿಡಿ ಮಣ್ಣು

ನಮ್ಮ ಕಡೆ ಮದುವೆಗೆ ಹೋಗದಿದ್ದರೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳಬಹುದು. ಮಣ್ಣಿಗೆ ಹೋಗದಿದ್ದರೆ ಯಾವ ನೆಪವೂ ನಡೆಯುವುದಿಲ್ಲ. ಸತ್ತವರ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ಬರುವುದಕ್ಕೇ ನಾವು ಮಣ್ಣಿಗೆ ಹೋಗುವುದು ಅನ್ನುತ್ತೇವೆ. ಬದುವಿನ ಜಗಳದಲ್ಲಿ ಮಾತು ಬಿಟ್ಟವರೂ ಅದಕ್ಕೆ ಬರುತ್ತಾರೆ. ಹಾರಂಗಿ ನಾಲೆಯ ನೀರು ನಂಬಿ ಹಾಸನದ ಕಡೆಯಿಂದ ಬಂದು ನೆಲೆಸಿದ ನಮ್ಮಂಥವರಿಗೆ ಇಲ್ಲಿ ನೆಂಟರು ಕಡಿಮೆ. ಮಣ್ಣಿಗೆ ಬಂದವರೇ ನೆಂಟರು.

ಕೊರೋನಾದ ಎರಡನೇ ಅಲೆಯ ಹೊತ್ತಿಗೆ ನನ್ನ ತಮ್ಮ ಗ್ರಾಮ ಪಂಚಾಯಿತಿ ಅಧ್ಯಕ್ಷನಾಗಿದ್ದ. ನಾನು ಪಾಠ ಹೇಳುವ ಶಾಲೆ ಮುಚ್ಚಿತ್ತು. ಅವ್ವನನ್ನು ನೋಡಿಕೊಳ್ಳಲೆಂದು ಕೊಡ್ಲಿಪೇಟೆಯ ಗಂಡನ ಮನೆಯಿಂದ ತವರಿಗೆ ಬಂದು ಕೂತಿದ್ದೆ. ದಿನವೂ ಒಂದು ಆಟೋ ಮೈಕು ಕಟ್ಟಿಕೊಂಡು ಊರು ಸುತ್ತುತ್ತಿತ್ತು. ಅದರಲ್ಲಿ ಕೂಗುತ್ತಿದ್ದದ್ದು ತಮ್ಮನದೇ ದನಿ: "ಮದುವೆ ಮುಂದಕ್ಕೆ ಹಾಕಿ. ಮಣ್ಣಿಗೆ ಮನೆಯವರು ಮಾತ್ರ. ಅಕ್ಕಪಕ್ಕದವರೂ ಹೋಗುವ ಹಾಗಿಲ್ಲ." ಹೈಸ್ಕೂಲಿನಲ್ಲಿ ಭಾಷಣಕ್ಕೆ ನಿಂತು, ಎಲ್ಲ ಮರೆತು, ಅತ್ತು ಇಳಿದು ಬಂದವನು ಇವನೇನಾ ಎಂದು ನನಗೆ ಒಳಗೊಳಗೇ ಹೆಮ್ಮೆ. ಆಟೋ ನಮ್ಮ ಬೀದಿಗೆ ಬಂದರೆ ಅವ್ವ ಮಾತ್ರ ಟಿವಿಯ ಸದ್ದು ಜೋರು ಮಾಡುತ್ತಿದ್ದಳು.

ಆಗ ಪಕ್ಕದ ಮನೆಯ ದೊಡ್ಡಮ್ಮ ತೀರಿಕೊಂಡರು. ಕೊರೋನಾ ಅಲ್ಲ, ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಬೇರೆ. ದೊಡ್ಡಮ್ಮ ಅನ್ನುತ್ತಿದ್ದೆವೇ ಹೊರತು ರಕ್ತಸಂಬಂಧವೇನಿಲ್ಲ. ಅವರೂ ಅವ್ವನೂ ಒಂದೇ ಲಾರಿಯಲ್ಲಿ, ಪಾತ್ರೆಪಗಡದ ಮೂಟೆಗಳ ಮೇಲೆ ಕೂತು, ಈ ಊರಿಗೆ ಬಂದವರು. ಎರಡು ಮನೆಗಳ ನಡುವೆ, ಹಿಂದಿನ ಹೊಲಗಳವರೆಗೂ, ಗೊಬ್ಬರದ ಗಿಡದ ಬೇಲಿ, ಅದರಲ್ಲೊಂದು ಕಂಡಿ. ಸೊಪ್ಪಿನ ಸಾರು, ಬಾಣಂತಿಯ ಖಾರ, ಬೈಗುಳ, ಎಲ್ಲವೂ ಆ ಕಂಡಿಯಲ್ಲೇ ಓಡಾಡುತ್ತಿದ್ದವು.

ಅವ್ವ ಸೆರಗು ಹೊದ್ದು ಹೊರಟಾಗ ತಮ್ಮ ಕಂಡಿಗೆ ಅಡ್ಡ ನಿಂತ.

"ಬ್ಯಾಡ ಕಣವ್ವ. ನಮ್ಮನೆಯೋರೇ ಹೋದ್ರೆ ನಾಳೆ ನನ್ ಮಾತು ಯಾರ್ ಕೇಳ್ತಾರೆ?"

"ಒಂದ್ ಹಿಡಿ ಮಣ್ಣಾಕ್ಬುಟ್ಟು ಬತ್ತೀನಿ ಕಣ್ಲಾ. ದೂರ್ದಲ್ಲೇ ನಿಂತ್ಕತೀನಿ."

"ರೂಲ್ಸು ಅಂದ್ರೆ ಎಲ್ಲಾರ್ಗೂ ಒಂದೇಯ."

ಅಷ್ಟಕ್ಕೇ ಬಿಡಲಿಲ್ಲ. ಎರಡು ಬಿದಿರಿನ ಗಳು ತಂದು ಕಂಡಿಗೆ ಅಡ್ಡಲಾಗಿ ಬಿಗಿದು ಕಟ್ಟಿದ. ನಾನೂ ಮೇಷ್ಟ್ರ ಗತ್ತಿನಲ್ಲಿ, "ಅವನು ಹೇಳೋದು ಸರಿ ಅವ್ವ" ಎಂದೆ. ಅವ್ವ ನಮ್ಮಿಬ್ಬರ ಮುಖವನ್ನೂ ನೋಡಲಿಲ್ಲ. ಬೇಲಿಯ ಬುಡದಿಂದ ಒಂದು ಹಿಡಿ ಮಣ್ಣು ತೆಗೆದು, ಗಳುವಿನ ಮೇಲಿಂದ ಕೈ ಚಾಚಿ, ದೊಡ್ಡಮ್ಮನ ಮಗಳನ್ನು ಕರೆದಳು.

"ನನ್ ಪಾಲಿಂದು ನೀನೇ ಹಾಕ್ಬುಡವ್ವ."

ಅವಳು ಸೆರಗೊಡ್ಡಿ ಇಸಿದುಕೊಂಡಳು. ಗುಂಡಿ ತೋಡಿದ್ದು ಅವರ ಹೊಲದ ಅಂಚಿನಲ್ಲೇ. ಅದು ಮುಚ್ಚುವವರೆಗೂ ಅವ್ವ ಬೇಲಿ ಹಿಡಿದು ನಿಂತಿದ್ದಳು. ಆಮೇಲೆ ಒಳಗೆ ಬಂದು ಊಟ ಬೇಡವೆಂದಳು.

ಅವ್ವನೂ ಹೆಚ್ಚು ದಿನ ಇರಲಿಲ್ಲ. ಒಂದು ಬೆಳಗ್ಗೆ ಎದೆನೋವು ಎಂದು ಗೋಡೆಗೆ ಒರಗಿ ಕೂತವಳು ಏಳಲೇ ಇಲ್ಲ. ಆಟೋ ಇನ್ನೂ ಅದನ್ನೇ ಕೂಗಿಕೊಂಡು ತಿರುಗುತ್ತಿತ್ತು. ನಾನು ನನ್ನ ಗಂಡನಿಗಷ್ಟೇ ಫೋನು ಮಾಡಿದೆ. ಮನೆಯವರು ಮಾತ್ರ ಅಂದಮೇಲೆ ಇನ್ನು ಯಾರಿಗೆ ಹೇಳುವುದು?

ತಮ್ಮ ಯಾರು ಯಾರಿಗೆ ಹೇಳಿದನೋ, ಮಧ್ಯಾಹ್ನದೊಳಗೆ ಅಂಗಳದಲ್ಲಿ ಶಾಮಿಯಾನ ಎದ್ದಿತು. ಕಂಟ್ರಾಕ್ಟರುಗಳು, ಪಕ್ಷದ ಹುಡುಗರು, ಅವ್ವನ ಮುಖವನ್ನೇ ನೋಡಿರದವರು. ಕಾರುಗಳ ಸಾಲು ನಾಲೆಯ ಏರಿಯವರೆಗೆ ಬೆಳೆಯಿತು. ಹಿಂದಿನ ದಿನವಷ್ಟೇ ಟಿವಿಯಲ್ಲಿ ಕೈಮುಗಿದು, ದಯವಿಟ್ಟು ಮನೆಯಲ್ಲೇ ಇರಿ ಎಂದಿದ್ದ ದೊಡ್ಡ ನಾಯಕರೂ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಬಂದರು. ಅವರು ನಾಲ್ಕು ಮಾತಾಡುತ್ತಾರೆಂದು ಆಟೋದ ಮೈಕನ್ನೇ ಬಿಚ್ಚಿ ತಂದರು. "ಇಂಥ ಕಷ್ಟಕಾಲದಲ್ಲೂ ಇಷ್ಟೊಂದು ಜನ ಸೇರಿದ್ದಾರೆಂದರೆ ಅದು ಈ ತಾಯಿಯ ಪುಣ್ಯ" ಎಂದರು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ! ಹೆತ್ತವಳ ಹೆಣದ ಮುಂದೆ ಅಳು ಬರಬೇಕಾದ ಹೊತ್ತಿಗೆ ನನಗೆ ನಾಚಿಕೆ ಬರುತ್ತಿತ್ತು.

ತಮ್ಮನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ, "ಏನೋ ಇದು?" ಎಂದೆ.

"ಅವರಾಗೇ ಬಂದವ್ರೆ ಕಣಕ್ಕ. ಸಾವಿನ ಮನೆಗೆ ಬಂದೋರ್ನ ಹೋಗಿ ಅನ್ನಕ್ಕಾಯ್ತದಾ?"

ಅವ್ವನ ಗುಂಡಿ ನಮ್ಮ ಹೊಲದಲ್ಲಿ, ಬೇಲಿಯ ಹತ್ತಿರವೇ. ಜನ ನೂಕಾಡಿಕೊಂಡು ಮಣ್ಣು ಹಾಕುತ್ತಿದ್ದರು. ಬೇಲಿಯಾಚೆ ದೊಡ್ಡಮ್ಮನ ಮಗಳು ಸೆರಗಿನಿಂದ ಮೂಗುಬಾಯಿ ಮುಚ್ಚಿಕೊಂಡು ಒಬ್ಬಳೇ ನಿಂತಿದ್ದಳು. ಕಂಡಿಯ ಗಳು ಕಟ್ಟಿದ ಹಾಗೇ ಇತ್ತು. ನಾನು ಹತ್ತಿರ ಹೋಗಿ ಕರೆದೆ.

"ಬ್ಯಾಡ ಕಣಕ್ಕ. ಮನೆಯೋರು ಮಾತ್ರ ಅಂತ ಅಣ್ಣನೇ ಕೂಗಿಸ್ತಾ ಅವ್ರಲ್ವಾ? ನಾನ್ ಬಂದ್ರೆ ಅವ್ರಿಗೆ ಕೆಟ್ಟೆಸ್ರು."

ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವಳು ಗಳುವಿನ ಮೇಲಿಂದ ಮುಷ್ಟಿ ಚಾಚಿದಳು. "ನನ್ ಪಾಲಿಂದು ನೀನೇ ಹಾಕ್ಬುಡಕ್ಕ" ಎಂದಳು.

ಆ ಗಳು ಕಿತ್ತೆಸೆದು ಅವಳ ಕೈ ಹಿಡಿದು ಕರೆತರಬೇಕಿತ್ತು. ಯಾವ ಮುಖ ಇಟ್ಟುಕೊಂಡು ಮತ್ತೆ ಕರೆಯಲಿ? ಅವ್ವನನ್ನು ತಡೆದ ದಿನ ನಾನೂ ಅಲ್ಲೇ ನಿಂತಿದ್ದೆನಲ್ಲ. ಸೆರಗೊಡ್ಡಿದೆ. ನನ್ನ ಪಾಲಿಗಿಂತ ಮೊದಲು ಅವಳ ಪಾಲಿನ ಮಣ್ಣು ಹಾಕಿದೆ.

ಸಂಜೆ ಕಾರುಗಳೆಲ್ಲ ಹೋದವು. ಅಂಗಳದ ತುಂಬ ಕಾಗದದ ಲೋಟಗಳು ಬಿದ್ದಿದ್ದವು. ತಮ್ಮ ಜಗಲಿಯಲ್ಲಿ ಕೂತು ಪಕ್ಕದ ಮನೆಯ ಕಡೆ ನೋಡುತ್ತಾ, "ಅಷ್ಟೊಂದು ಜನ ಬಂದ್ರು, ಅವಳೇ ಮಣ್ಣಿಗೆ ಬರ್ಲಿಲ್ವಲ್ಲಕ್ಕ. ಬಂದಿದ್ರೆ ನಾನೇನು ಬ್ಯಾಡ ಅಂತಿದ್ನಾ?" ಎಂದ.

ಅವನ ಕಣ್ಣಲ್ಲಿ ನೀರಿತ್ತು. ನಾಟಕವಲ್ಲ, ನಿಜವಾಗಿಯೂ ನೊಂದಿದ್ದ. ಕಂಡಿಗೆ ಗಳು ಕಟ್ಟಿದ್ದು ಅವನಿಗೆ ನೆನಪೇ ಇರಲಿಲ್ಲ.