ನಲವತ್ತೊಂದು ಬೆಸುಗೆಗಳ ಟೇಪ್ ಮೇಡಂ

ಬೆಳಗಿನ ಐದೂವರೆ. ಎಂಜಿನಿಯರಿಂಗ್ ಕಾಲೇಜಿನ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ಐವತ್ತೆಂಟರ ವಯಸ್ಸಿನ ಪ್ರಾಧ್ಯಾಪಕಿ ಚಪ್ಪಲಿ ಬಿಡದೆ, ಸ್ಟೂಲಿನ ತುದಿಯಲ್ಲಿ ಕೂತು, ಅಳತೆಯ ಯಂತ್ರದ ಗುಂಡಿ ಒತ್ತುತ್ತಾರೆ. ಪರದೆಯ ಮೇಲೆ ಗೆರೆಯೊಂದು ಎಡದಿಂದ ಬಲಕ್ಕೆ ಸಣ್ಣ ಸಣ್ಣ ಮೆಟ್ಟಿಲಾಗಿ ಇಳಿಯುತ್ತದೆ. ಒಂದೊಂದು ಮೆಟ್ಟಿಲೂ ಒಂದೊಂದು ಬೆಸುಗೆ.

"ಬಿಸಿಲೇರಿದ್ರೆ ನೆಲ ಬಿಸಿಯಾಗುತ್ತೆ, ಅಳತೆ ಕೆಡುತ್ತೆ. ಅದಕ್ಕೇ ಇಷ್ಟು ಬೇಗ ಬರೋದು," ಎನ್ನುತ್ತಾರೆ, ನೋಟ್‌ಬುಕ್ಕಿನಿಂದ ತಲೆ ಎತ್ತದೆ.

ಇವರ ವಿಷಯ ಬೆಳಕಿನ ಮೂಲಕ ಸಂದೇಶ ಕಳಿಸುವ ವಿದ್ಯೆ. ನಾವು ಫೋನಿನಲ್ಲಿ ಹರಟುವುದೆಲ್ಲ ಕೂದಲೆಳೆಯಂಥ ಗಾಜಿನ ನೂಲಿನಲ್ಲಿ ಬೆಳಕಾಗಿ ಓಡುತ್ತದೆ. ಆ ನೂಲುಗಳನ್ನು ಬೆಸೆದ ಜಾಗ ಮಣ್ಣಿನಡಿಯಲ್ಲಿ ವರ್ಷಗಳುರುಳಿದಂತೆ ಹೇಗೆ ಹಳತಾಗುತ್ತದೆ? ಇದನ್ನು ತಿಳಿಯಲು ಇಪ್ಪತ್ತೆರಡು ವರ್ಷಗಳ ಹಿಂದೆ ಕಾಲೇಜಿನ ಸುತ್ತ ಒಂಬತ್ತು ಕಿಲೋಮೀಟರ್ ನೂಲು ಹೂಳಿಸಿದರು. ಅಂದಿನಿಂದ ಸೆಮಿಸ್ಟರಿಗೊಬ್ಬ ವಿದ್ಯಾರ್ಥಿ ತನ್ನ ಕೈಯಾರೆ ಒಂದು ಬೆಸುಗೆ ಸೇರಿಸಬೇಕೆಂಬುದು ಇವರ ನಿಯಮ. ಕಾಲೇಜು ಮುಚ್ಚಿದ್ದ ಕೆಲವು ಸೆಮಿಸ್ಟರ್ ಬಿಟ್ಟು, ಈಗ ಒಟ್ಟು ನಲವತ್ತೊಂದು. ಮೊದಲನೆಯದು ಇವರದೇ, ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ನೂರರಲ್ಲಿ ಏಳು ಪಾಲು ಬೆಳಕನ್ನು ಅಲ್ಲೇ ನುಂಗಿ ಹಾಕುತ್ತದೆ.

"ತೆಗೆದು ಇನ್ನೊಂದು ಹಾಕಬಹುದಿತ್ತು. ಆದ್ರೆ ತಪ್ಪೂ ಹೇಗೆ ಹಳೇದಾಗುತ್ತೆ ಅಂತ ನೋಡಬೇಕಲ್ವಾ?"

ಪ್ರಯೋಗಕ್ಕೆ ಇಪ್ಪತ್ತೈದು ವರ್ಷ ಬೇಕಿತ್ತು. ಅಷ್ಟು ತಾಳ್ಮೆ ಯಾರಿಗಿದೆ? ವರ್ಷಕ್ಕೆ ನಾಲ್ಕು ಲೇಖನ ಬರೆದ ಸಹೋದ್ಯೋಗಿಗಳು ಇವರ ಕಣ್ಣೆದುರೇ ಒಬ್ಬೊಬ್ಬರಾಗಿ ಮೇಲೇರಿದರು. ಬಡ್ತಿಯ ಸಂದರ್ಶನದಲ್ಲಿ "ಇದು ಯಾವಾಗ ಮುಗಿಯುತ್ತೆ?" ಎಂದು ಕೇಳಿದ್ದಕ್ಕೆ "ಹಳೇದಾದ ಮೇಲೆ" ಎಂದು ಬಂದರಂತೆ. ಬಡ್ತಿ ಎಂಟು ವರ್ಷ ತಡವಾಯಿತು. "ಅಮ್ಮ ನನ್ನ ಹುಟ್ಟಿದಹಬ್ಬ ಮರೀತಾಳೆ, ಮೂವತ್ತೇಳನೇ ಬೆಸುಗೆ ಹಾಕಿದ ದಿನ ಮಾತ್ರ ಮರೆಯಲ್ಲ," ಎಂದು ಮಗಳು ರೇಗಿಸುತ್ತಾಳೆ. ರೇಗಿಸುವಾಗ ಅವಳ ಮುಖದಲ್ಲಿ ಪೂರ್ತಿ ನಗುವಿಲ್ಲ.

ಬ್ಯಾಗಿನಲ್ಲಿ ಸದಾ ಟೇಪಿನ ಸುರುಳಿ ಇರುವುದರಿಂದ ವಿದ್ಯಾರ್ಥಿಗಳಿಗೆ ಇವರು ಟೇಪ್ ಮೇಡಂ. ನೂಲು ಕತ್ತರಿಸಿದಾಗ ಉಳಿಯುವ ಗಾಜಿನ ಚೂರು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಟೇಪಿಗೆ ಅಂಟಿಸಿ, ಎಣಿಸಿ, ಡಬ್ಬಿಗೆ ಹಾಕಬೇಕು. ಹದಿನಾಲ್ಕು ವರ್ಷಗಳ ಹಿಂದೊಮ್ಮೆ ಎಣಿಸುವಾಗ ಫೋನ್ ಬಂತು. ಎರಡರಲ್ಲಿ ಒಂದೇ ಚೂರು ಡಬ್ಬಿ ಸೇರಿತು. ಇನ್ನೊಂದು ಮರುದಿನ ನೆಲ ಗುಡಿಸುವಾಕೆಯ ಹಿಮ್ಮಡಿಗೆ ಹೊಕ್ಕಿತು. ಹಿಮ್ಮಡಿ ಕೀವುಗಟ್ಟಿ, ಆಕೆ ಹನ್ನೊಂದು ದಿನ ಮಲಗಿದರು.

"ಅವತ್ತಿಂದ ಈ ಕೋಣೇಲಿ ನಾನು ಫೋನೇ ಎತ್ತಿಲ್ಲ," ಎನ್ನುತ್ತಾರೆ ಮೇಡಂ.

ಆ ಗುಡಿಸುವಾಕೆ ಈಗಲೂ ಇಲ್ಲೇ ಕೆಲಸಕ್ಕಿದ್ದಾರೆ. ಪೊರಕೆ ಹಿಡಿದು ಬಾಗಿಲಲ್ಲಿ ನಿಂತು, "ಇನ್ನೂ ಅದೇ ಹೇಳ್ತೀರಲ್ಲ ಮೇಡಂ, ನನಗೇ ಮರೆತುಹೋಗಿದೆ," ಎಂದು ಗದರುತ್ತಾರೆ.

ಈ ಸೆಮಿಸ್ಟರ್ ಇವರ ತರಗತಿಗೆ ಒಬ್ಬರೂ ಸೇರಿಲ್ಲ. ಕೋಣೆ ಬೇರೆ ವಿಭಾಗದ ಪಾಲಾಗಿದೆ. ಬರುವ ಶುಕ್ರವಾರ ಅಗೆಯುವ ಯಂತ್ರ ಬರುತ್ತದೆ, ನೂಲು ಹೂತಲ್ಲಿ ಕಾರು ನಿಲ್ಲಿಸುವ ಜಾಗವಾಗುತ್ತದೆ. ಇಪ್ಪತ್ತೈದಕ್ಕೆ ಮೂರೇ ವರ್ಷ ಬಾಕಿ. ಅಗೆತ ನಿಲ್ಲಿಸಿ ಎಂದು ಮೇಡಂ ಬರೆದ ಮೂರು ಪತ್ರಗಳಿಗೆ ಪ್ರಿನ್ಸಿಪಾಲರು ಉತ್ತರಿಸಿಲ್ಲ. ನಾಲ್ಕನೆಯದರಲ್ಲಿ ಪ್ರಯೋಗದ ಮಾತೇ ಇಲ್ಲ, ಗುರುವಾರ ಒಂದು ದಿನ ಕೊಡಿ ಎಂದಷ್ಟೇ ಇದೆ. ಅದಕ್ಕೂ ಇನ್ನೂ ಉತ್ತರವಿಲ್ಲ.

ಆ ಒಂದು ದಿನ ಯಾಕೆ ಎಂದು ಕೇಳುತ್ತೇನೆ. ಮೇಡಂ ಯಂತ್ರ ಆರಿಸಿ, ನೋಟ್‌ಬುಕ್ ಮುಚ್ಚಿ, ಬಾಗಿಲಲ್ಲಿದ್ದಾಕೆಯ ಕಾಲಿನತ್ತ ನೋಡುತ್ತಾರೆ.

"ಯಂತ್ರ ಎಳೆದರೆ ಗಾಜು ಪುಡಿಪುಡಿಯಾಗಿ ಮಣ್ಣಲ್ಲಿ ಸೇರುತ್ತೆ. ಅಲ್ಲಿ ಕೆಲಸದೋರು ಬರಿಗಾಲಲ್ಲಿ ಓಡಾಡ್ತಾರೆ. ಅದಕ್ಕೆ ಮುಂಚೆ ಕಾರು ನಿಲ್ಲೋ ಜಾಗದ ನೂಲನ್ನ ನಾನೇ ಕೈಯಲ್ಲಿ ಬಿಡಿಸಿ ಎತ್ಕೋತೀನಿ. ಚೂರೆಲ್ಲ ಎಣಿಸಿ ಟೇಪಿಗೆ ಹಾಕ್ಬೇಕು."

"ಎಣಿಸೋಕೆ ನಾನೂ ಬರ್ತೀನಿ," ಎನ್ನುತ್ತಾರೆ ಪೊರಕೆಯಾಕೆ. "ನಿಮ್ಮ ಫೋನ್ ನನ್ನ ಹತ್ರ ಇರ್ಲಿ."